ಎಡಗಾಲಿನ ಕಾಲು ಮೈಲಿ

(ಮ್ಯಾನುಯಲ್ ಗೇರಿನ ಸ್ಪೋರ್ಟ್ಸ್ ಕಾರಿನ ಡ್ರ್ಯಾಗ್ ಓಟದ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಾಲು ಮೈಲಿ ಅಂದರೆ 1,320 ಅಡಿ, 402 ಮೀಟರಿಗೆ ಒಂದು ಚೂರು ಜಾಸ್ತಿ. ನೇರ ದಾರಿ. ತಿರುವಿಲ್ಲ, ಬ್ರೇಕಿನ ಕೆಲಸವಿಲ್ಲ, ಹದಿಮೂರು ಸೆಕೆಂಡಿನಲ್ಲಿ ಮುಗಿದೇ ಹೋಗುತ್ತದೆ. ಇದಕ್ಕೊಂದು ಉಪನ್ಯಾಸ ಬೇಕಾ ಅಂತ ನಿಮಗೆ ಅನಿಸಿದ್ದರೆ ತಪ್ಪಿಲ್ಲ. ಆಟೋಮ್ಯಾಟಿಕ್ ಕಾರಾಗಿದ್ದರೆ ಬಹುಶಃ ಬೇಡ. ಆದರೆ ಮ್ಯಾನುಯಲ್ ಕಾರಿನಲ್ಲಿ ಅದೇ ಕಾರು, ಅದೇ ಟೈರು, ಅದೇ ಸಂಜೆ ಇದ್ದರೂ ಇಬ್ಬರು ಚಾಲಕರ ನಡುವೆ ಒಂದು ಸೆಕೆಂಡ್ ವ್ಯತ್ಯಾಸ ಬರುವುದು ಮಾಮೂಲಿ. ಆ ಒಂದು ಸೆಕೆಂಡನ್ನು ಎಂಜಿನ್ ಕೆಲಸ ಮಾಡಿಸಿ ಗಳಿಸಬೇಕೆಂದರೆ ಹತ್ತಿರ ಹತ್ತಿರ ನೂರು ಅಶ್ವಶಕ್ತಿ ಹೆಚ್ಚಿಸಬೇಕು. ಎಡಗಾಲು ತಿದ್ದಿಕೊಂಡರೆ ಅದರಲ್ಲಿ ಬಹುಪಾಲು ಪುಕ್ಕಟೆ. ಕಾಲು ಮೈಲಿ ಅನ್ನುವ ಮಾತಿನಲ್ಲೇ ಕಾಲು ಇದೆ ನೋಡಿ.

ಮೊದಲೇ ಒಂದು ಮಾತು: ಇಲ್ಲಿ ಹೇಳುವುದೆಲ್ಲ ಡ್ರ್ಯಾಗ್ ಸ್ಟ್ರಿಪ್‌ಗೆ, ಅಂದರೆ ಈ ಓಟಕ್ಕೆಂದೇ ಮಾಡಿದ ನೇರ ದಾರಿಗೆ ಸೇರಿದ್ದು. ಅಲ್ಲಿ ನೆಲಕ್ಕೆ ಅಂಟು ಹಾಕಿರುತ್ತಾರೆ, ಗೆರೆ ದಾಟಿದ ಮೇಲೆ ನಿಲ್ಲಿಸಲು ಉದ್ದ ಜಾಗ ಬಿಟ್ಟಿರುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಇವೆರಡೂ ಇಲ್ಲ, ಎದುರಿಗೆ ಜನ ಇದ್ದಾರೆ. ಹಾಗಾಗಿ ರಸ್ತೆಗೆ ಇದು ಒಂದಕ್ಷರವೂ ಅನ್ವಯಿಸುವುದಿಲ್ಲ.

ಈಗ ಟೈಮ್ ಸ್ಲಿಪ್ ಕೈಗೆತ್ತಿಕೊಳ್ಳೋಣ. ಓಟ ಮುಗಿಸಿ ಬಂದಾಗ ಕೊಡುವ ಆ ಸಣ್ಣ ಚೀಟಿಯಲ್ಲಿ ಬಹಳ ಮಂದಿ ನೋಡುವುದು ಕೊನೆಯ ಸಾಲು ಒಂದೇ. ಉದಾಹರಣೆಗೆ ಹೀಗೊಂದು ಚೀಟಿ ಇದೆ ಅಂದುಕೊಳ್ಳಿ:

60 ಅಡಿ: 2.20 ಸೆ.
330 ಅಡಿ: 5.75 ಸೆ.
660 ಅಡಿ: 8.60 ಸೆ., ಗಂಟೆಗೆ 88.6 ಮೈಲಿ
1,000 ಅಡಿ: 11.02 ಸೆ.
1,320 ಅಡಿ: 13.05 ಸೆ., ಗಂಟೆಗೆ 112.5 ಮೈಲಿ

ಕೊನೆಯ ವೇಗ ನಮ್ಮ ಲೆಕ್ಕದಲ್ಲಿ ಗಂಟೆಗೆ 181 ಕಿಲೋಮೀಟರ್. ಇದಕ್ಕೆ ಟ್ರ್ಯಾಪ್ ವೇಗ ಅನ್ನುತ್ತಾರೆ, ಕೊನೆಯ 66 ಅಡಿಯ ಸರಾಸರಿ ಅದು. ಟ್ರ್ಯಾಪ್ ವೇಗ ಎಂಜಿನ್ ಬಗ್ಗೆ ಸಾಕ್ಷಿ ಹೇಳುತ್ತದೆ, 60 ಅಡಿಯ ಸಮಯ ಚಾಲಕ ಮತ್ತು ಟೈರಿನ ಬಗ್ಗೆ ಹೇಳುತ್ತದೆ. ಕಾರಿನ ತೂಕ ಮತ್ತು ಶಕ್ತಿಯಿಂದ ಸಮಯ, ವೇಗ ಎರಡನ್ನೂ ಅಂದಾಜು ಮಾಡುವ ಹಳೆಯ ಸೂತ್ರಗಳಿವೆ. ಅವೆರಡನ್ನೂ ಗುಣಿಸಿದರೆ ತೂಕ, ಶಕ್ತಿ ಎರಡೂ ಹೊಡೆದುಹೋಗಿ 1,363 ಅನ್ನುವ ಸಂಖ್ಯೆಯೊಂದೇ ಉಳಿಯುತ್ತದೆ. ಅಂದರೆ ಚೆನ್ನಾಗಿ ಹೊರಟ ಕಾರಿನಲ್ಲಿ ಸೆಕೆಂಡನ್ನು ಮೈಲಿ ವೇಗದಿಂದ ಗುಣಿಸಿದರೆ ಇದರ ಹತ್ತಿರ ಬರಬೇಕು. ನಮ್ಮ ಚೀಟಿಯಲ್ಲಿ 13.05ನ್ನು 112.5ರಿಂದ ಗುಣಿಸಿದರೆ 1,468. ಆ ವೇಗಕ್ಕೆ ತಕ್ಕ ಸಮಯ 12.1 ಸೆಕೆಂಡ್. ಮಿಕ್ಕ 0.9 ಸೆಕೆಂಡ್ ದಾರಿಯಲ್ಲೆಲ್ಲೋ ಸೋರಿದೆ. ಈ ಕಾರಿಗೆ ಶಕ್ತಿ ಸಾಲುತ್ತಿಲ್ಲ ಅಂತ ಟರ್ಬೊ ಹಾಕಿಸಲು ಹೊರಟರೆ ತೂತು ಕೊಡಕ್ಕೆ ಇನ್ನಷ್ಟು ನೀರು ಸುರಿದ ಹಾಗೆ.

ಎಲ್ಲಿ ಸೋರಿದೆ? ಇಲ್ಲಿ ಒಂದು ಲೆಕ್ಕ ಅರ್ಥವಾದರೆ ಮುಂದಿನದ್ದೆಲ್ಲ ತಾನಾಗಿ ಜೋಡಣೆಯಾಗುತ್ತದೆ. ಎಳೆತ ನಿಂತ ಮಾತ್ರಕ್ಕೆ ಕಾರು ನಿಲ್ಲುವುದಿಲ್ಲ, ಆಗಿರುವ ವೇಗದಲ್ಲೇ ಉರುಳುತ್ತಿರುತ್ತದೆ. ಗೆರೆ ದಾಟುವ ವೇಗದ ಅರ್ಧದಲ್ಲಿದ್ದಾಗ 0.2 ಸೆಕೆಂಡ್ ಎಳೆತ ತಪ್ಪಿದರೆ ಒಟ್ಟು ಸಮಯಕ್ಕೆ ಬೀಳುವ ಪೆಟ್ಟು ಅದರ ಅರ್ಧ, 0.1. ಮುಕ್ಕಾಲು ವೇಗದಲ್ಲಿದ್ದಾಗ ತಪ್ಪಿದರೆ ಪೆಟ್ಟು ಕಾಲು ಭಾಗ, 0.05. ಗೆರೆಯ ಹತ್ತಿರ ಹೆಚ್ಚುಕಮ್ಮಿ ಸೊನ್ನೆ. ಹೊರಡುವಾಗ, ಕಾರು ನಿಂತೇ ಇರುವಾಗ ಕಳೆದದ್ದು ಪೂರ್ತಿ ಪೂರ್ತಿ ನಷ್ಟ. ಗಾಳಿಯ ತಡೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ, ಆದರೂ ಚಿತ್ರ ಬದಲಾಗುವುದಿಲ್ಲ: ನಿಧಾನದಲ್ಲಿ ಕಳೆದ ಸಮಯ ದುಬಾರಿ, ವೇಗದಲ್ಲಿ ಕಳೆದದ್ದು ಅಗ್ಗ. 60 ಅಡಿ ಅಂದರೆ ದೂರದಲ್ಲಿ ನೂರಕ್ಕೆ ಐದೂ ಇಲ್ಲ, ಆದರೆ ನಮ್ಮ ಚೀಟಿಯಲ್ಲಿ ಒಟ್ಟು ಸಮಯದ ಶೇ. 17 ಅಲ್ಲೇ ಹೋಗಿದೆ. 60 ಅಡಿಯಲ್ಲಿ 0.1 ಇಳಿಸಿದರೆ ಕೊನೆಯಲ್ಲಿ ಸುಮಾರು 0.15 ಇಳಿಯುತ್ತದೆ ಅನ್ನುವುದು ಸ್ಟ್ರಿಪ್‌ನಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಬೇಗ ಹೊರಟ ಕಾರು ಮುಂದಿನ ದೂರಕ್ಕೆ ಹೆಚ್ಚಿನ ವೇಗವನ್ನೂ ಹೊತ್ತೊಯ್ಯುತ್ತದೆ, ಅದಕ್ಕೇ ಒಂದೂವರೆ ಪಟ್ಟು. ಹಾಗಾಗಿ ಕೆಲಸವನ್ನು ಹೊರಡುವ ಗೆರೆಯಿಂದ ಶುರು ಮಾಡಿ ಮುಂದಕ್ಕೆ ಹೋಗಬೇಕು.

ಹೊರಡುವ ಗೆರೆಯಲ್ಲಿ ದೀಪದ ಕಂಬ ಇರುತ್ತದೆ, ಕ್ರಿಸ್‌ಮಸ್ ಟ್ರೀ. ಮೂರು ಹಳದಿ ದೀಪ ಅರ್ಧ ಅರ್ಧ ಸೆಕೆಂಡಿಗೆ ಒಂದೊಂದಾಗಿ ಹತ್ತಿ ಆಮೇಲೆ ಹಸಿರು. ಪ್ರೊ ಟ್ರೀ ಆದರೆ ಮೂರೂ ಒಟ್ಟಿಗೆ ಹತ್ತಿ 0.4 ಸೆಕೆಂಡಿಗೆ ಹಸಿರು. ಹೊಸಬರಿಗೆ ಈ ದೀಪದ ಗಾಬರಿಯೇ ಜಾಸ್ತಿ. ಆದರೆ ಗಡಿಯಾರ ಶುರುವಾಗುವುದು ಹಸಿರು ಬಂದಾಗಲ್ಲ, ಮುಂದಿನ ಟೈರು ಗೆರೆಯಲ್ಲಿ ಅಡ್ಡ ಹಾಯುವ ಬೆಳಕಿನ ಕಿರಣ ಬಿಟ್ಟು ಸರಿದಾಗ. ಹಸಿರು ಬಂದ ಮೇಲೆ ಐದು ಸೆಕೆಂಡ್ ಕೂತಿದ್ದು ಹೊರಟರೂ ನಿಮ್ಮ ಓಟದ ಸಮಯ ಬದಲಾಗದು. ಪಕ್ಕದವನನ್ನು ಸೋಲಿಸಬೇಕಾದರೆ ಮಾತ್ರ ದೀಪ ಮುಖ್ಯ. ಸಮಯ ಇಳಿಸುವ ಅಭ್ಯಾಸಕ್ಕೆ ಬಂದವರು ದೀಪ ಮರೆತು ಕಾಲಿನ ಮೇಲೆ ಗಮನ ಇಡಲಿ. ಇನ್ನೊಂದು, ಕಾರು ಗೆರೆಗೆ ಬಂತು ಅಂತ ತೋರಿಸುವ ಸ್ಟೇಜ್ ದೀಪಗಳಲ್ಲಿ ಎರಡನೆಯದು ಹತ್ತಿದ ಕ್ಷಣಕ್ಕೇ ನಿಲ್ಲಿಸಿ. ಅಲ್ಲಿಂದ ಸುಮಾರು ಒಂದಡಿ ಉರುಳಿದ ಮೇಲೆ ಗಡಿಯಾರ ಶುರು, ಅದು ಪುಕ್ಕಟೆ ಓಡುದಾರಿ. ಇನ್ನೂ ಮುಂದಕ್ಕೆ ತೆವಳಿದರೆ ಆ ದೂರ ಕೈತಪ್ಪಿ, ಹತ್ತನೇ ಒಂದು ಸೆಕೆಂಡಿನ ಆಸುಪಾಸು ಕಳೆದುಕೊಳ್ಳುತ್ತೀರಿ.

ಈಗ ಕ್ಲಚ್. ಲೆಕ್ಕಕ್ಕೆ ಒಂದು ಹಿಂಚಕ್ರ ಚಾಲನೆಯ ಕಾರು ಇಟ್ಟುಕೊಳ್ಳೋಣ: ಟ್ರೆಮೆಕ್ ಟಿ-56 ಗೇರ್‌ಬಾಕ್ಸ್, ಅದರ ಮೊದಲ ನಾಲ್ಕು ಗೇರಿನ ಅನುಪಾತ 2.66, 1.78, 1.30, 1.00, ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಅನುಪಾತ 3.42, ಟೈರಿನ ಎತ್ತರ 26 ಅಂಗುಲ. ಮೊದಲ ಗೇರಿನಲ್ಲಿ 3,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ಅಂದರೆ ಗಂಟೆಗೆ 41 ಕಿಲೋಮೀಟರ್. ಆದರೆ ಗೆರೆಯಲ್ಲಿ ಕಾರಿನ ವೇಗ ಸೊನ್ನೆ. ಎಂಜಿನ್ 41ರ ಲೆಕ್ಕದಲ್ಲಿ ಸುತ್ತುತ್ತಿದೆ, ಕಾರು ನಿಂತಿದೆ. ಈ ಅಂತರವನ್ನು ಯಾರಾದರೂ ನುಂಗಲೇಬೇಕು, ನುಂಗಬಲ್ಲವರು ಮೂವರೇ. ಕ್ಲಚ್ ಜಾರಬಹುದು. ಟೈರು ಜಾರಬಹುದು. ಇಲ್ಲವೇ ಎಂಜಿನ್ನಿನ ಸುತ್ತು ಕುಸಿದು ಕಾರು ಮುಗ್ಗರಿಸಬಹುದು. ಒಳ್ಳೆಯ ಲಾಂಚ್, ಗೆರೆಯಿಂದ ಒಳ್ಳೆಯ ಹೊರಡುವಿಕೆ ಅಂದರೆ ಈ ಮೂವರಿಗೆ ಹೊರೆ ಹಂಚುವುದು, ಅಷ್ಟೇ. ಹೊರೆಯ ದೊಡ್ಡ ಪಾಲು ಕ್ಲಚ್ಚಿಗೆ, ಸ್ವಲ್ಪ ಟೈರಿಗೆ, ಎಂಜಿನ್ನಿಗೆ ಕನಿಷ್ಠ. ಟೈರು ನೆಲಕ್ಕಿಂತ ನೂರಕ್ಕೆ ಹತ್ತು ಹದಿನೈದರಷ್ಟು ಜೋರಾಗಿ ತಿರುಗುವಾಗಲೇ ಹಿಡಿತ ಅತಿ ಹೆಚ್ಚು. ಪೂರ್ತಿ ಕೆರಳಿ ಹೊಗೆ ಬಂದರೆ ನೋಡುವವರಿಗೆ ಹಬ್ಬ, ಚೀಟಿಗೆ ನಷ್ಟ.

ಕಾಲಿನ ಕೆಲಸ ಹೀಗೆ. ಹಿಮ್ಮಡಿ ನೆಲಕ್ಕೆ ಊರಿರಲಿ. ಪೂರ್ತಿ ಕಾಲೆತ್ತಿ ಪೆಡಲ್ ಬಿಡುವವರಿಗೆ ನಡುವಿನ ಜಾಗ ಸಿಗುವುದೇ ಇಲ್ಲ. ಕ್ಲಚ್ ಹಿಡಿಯುವ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ ಪೆಡಲ್ ತಂದು ನಿಲ್ಲಿಸಿ. ಮೇಲೆ ಬಂದರೆ ಕಾರು ತೆವಳಿ ಕಿರಣ ಬಿಟ್ಟು ಹೋಗುತ್ತದೆ. ಆರ್‌ಪಿಎಂ ಅಲುಗದೆ ನಿಂತಿರಲಿ. ಹೊರಡುವಾಗ ಹಿಡಿಯುವ ಜಾಗದವರೆಗೆ ಚುರುಕಾಗಿ ಬನ್ನಿ, ಅಲ್ಲಿಂದ ಮುಂದಿನ ಒಂದೆರಡು ಅಂಗುಲವನ್ನು ಅರ್ಧದಿಂದ ಒಂದು ಸೆಕೆಂಡಿನಲ್ಲಿ ಬಿಡಿ, ಬಿಟ್ಟಷ್ಟೂ ಬಲಗಾಲು ಕೆಳಗಿಳಿಯಲಿ. ಕಾರು 40 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಎಡಗಾಲು ಪೂರ್ತಿ ಮೇಲೆ, ಬಲಗಾಲು ಪೂರ್ತಿ ಕೆಳಗೆ.

ಎಷ್ಟು ಆರ್‌ಪಿಎಂ? ರಸ್ತೆ ಟೈರಿನಲ್ಲಿ 2,500ರಿಂದ ಶುರು ಮಾಡಿ ಓಟಕ್ಕೆ 250ರಂತೆ ಏರಿಸಿ. ಟೈರು ಕೆರಳಿದರೆ ಒಂದು ಮೆಟ್ಟಿಲು ಇಳಿಯಿರಿ. ಡ್ರ್ಯಾಗ್ ಓಟಕ್ಕೆಂದೇ ಮಾಡಿದ ಮೆತ್ತಗಿನ ಡ್ರ್ಯಾಗ್ ರೇಡಿಯಲ್ ಟೈರಿಗೆ 4,500ರ ಮೇಲೆ ಬೇಕಾಗಬಹುದು. ತಪ್ಪು ಗುರುತಿಸುವುದು ಕಷ್ಟವಲ್ಲ. ಆರ್‌ಪಿಎಂ ಮುಳ್ಳು ಧಡಕ್ಕನೆ 2,000ಕ್ಕಿಂತ ಕೆಳಗೆ ಬಿದ್ದು ಕಾರು ತೂಕಡಿಸಿದರೆ ಆರ್‌ಪಿಎಂ ಸಾಲದು ಅಥವಾ ಕ್ಲಚ್ ಬೇಗ ಬಿಟ್ಟಿದ್ದೀರಿ. ಮುಳ್ಳು ಮೇಲಕ್ಕೆ ಹಾರಿದರೆ ಟೈರು ಹಿಡಿತ ಬಿಟ್ಟಿದೆ. ಆಗ ಬಲಗಾಲನ್ನು ಪೂರ್ತಿ ಎತ್ತಬೇಡಿ, ಕಾಲು ಭಾಗ ಎತ್ತಿ ಹಿಡಿತ ಬಂದ ಕೂಡಲೇ ಒತ್ತಿ. ಎರಡೂ ಆಗದೆ ಸುಟ್ಟ ವಾಸನೆ ಬಂದರೆ ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸಿದ್ದೀರಿ. ಅದರ ಮುಖ ಗಾಜಿನಂತೆ ನುಣುಪಾದರೆ ಮತ್ತೆ ಹಿಡಿಯುವುದಿಲ್ಲ, ಹದಿನೈದಿಪ್ಪತ್ತು ನಿಮಿಷ ಆರಲು ಬಿಡಿ. ಹಗುರ ಫ್ಲೈವೀಲ್ (ಎಂಜಿನ್ನಿನ ಜೊತೆ ಸುತ್ತುವ, ಕ್ಲಚ್ ಒತ್ತಿಕೊಳ್ಳುವ ಚಕ್ರ) ಹಾಕಿಸಿದವರಿಗೂ ಒಂದು ಎಚ್ಚರಿಕೆ: ಭಾರದ ಫ್ಲೈವೀಲ್ ಸುತ್ತಿನ ಶಕ್ತಿಯನ್ನು ಕೂಡಿಟ್ಟುಕೊಂಡು ಹೊರಡುವಾಗ ಕೊಡುತ್ತದೆ. ಹಗುರವಾದದ್ದರಲ್ಲಿ ಆ ಗಂಟು ಇಲ್ಲ, ಮುಗ್ಗರಿಸುವುದು ಸುಲಭ.

ಟೈರಿನ ಗಾಳಿಗೆ ಬರೋಣ. ಹಿಂದಿನ ರಸ್ತೆ ಟೈರುಗಳನ್ನು 26ರಿಂದ 28 ಪಿಎಸ್‌ಐಗೆ ಇಳಿಸಿದರೆ ನೆಲಕ್ಕೆ ಕೂರುವ ಭಾಗ ಅಗಲವಾಗುತ್ತದೆ. ಡ್ರ್ಯಾಗ್ ರೇಡಿಯಲ್ 20ರ ಆಸುಪಾಸು. ಇನ್ನೂ ಇಳಿಸಿದರೆ ಇನ್ನೂ ಹಿಡಿತ ಅನ್ನುವುದು ತಪ್ಪು: ಒತ್ತಡ ತೀರ ಕಡಿಮೆಯಾದರೆ ಟೈರಿನ ನಡುಭಾಗ ಮೇಲೆದ್ದು ಎರಡು ಅಂಚು ಮಾತ್ರ ನೆಲ ಮುಟ್ಟುತ್ತವೆ, ಕೊನೆಯ ಅರ್ಧದಲ್ಲಿ ಕಾರು ಓಲಾಡುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ಓಡಿಸಿ ನೋಡಿ, ಗೆರೆ ಎಲ್ಲ ಕಡೆ ಸಮನಾಗಿ ಅಳಿಯಬೇಕು. ಮುಂದಿನ ಟೈರಿಗೆ ಅದರ ಮೇಲೆ ಬರೆದ ಮಿತಿಯೊಳಗೆ ಹೆಚ್ಚು ಗಾಳಿ, ಉರುಳುವ ತಡೆ ಕಡಿಮೆಯಾಗಲಿ ಅಂತ. ಮನೆಗೆ ಹೊರಡುವ ಮುಂಚೆ ಎಲ್ಲವನ್ನೂ ಮೊದಲಿನಂತೆ ತುಂಬಿ.

ಬರ್ನೌಟ್, ಅಂದರೆ ಓಟಕ್ಕೆ ಮುಂಚೆ ನೀರು ಹಾಕಿದ ಜಾಗದಲ್ಲಿ ಟೈರನ್ನು ತಿರುಗಿಸಿ ಕಾಯಿಸುವುದರ ಬಗ್ಗೆ ಬಹಳ ಭ್ರಮೆ ಇದೆ. ರಸ್ತೆ ಟೈರಿನವರು ಆ ನೀರಿನ ಜಾಗವನ್ನು ತಪ್ಪಿಸಿ ಸುತ್ತಿ ಹೋಗಿ. ಟ್ರೆಡ್ಡಿನ ಸಂದಿಯಲ್ಲಿ ಕೂತ ನೀರು ಗೆರೆಯವರೆಗೆ ಬಂದು ಅಲ್ಲೇ ಸುರಿಯುತ್ತದೆ. ಕಲ್ಲು ಧೂಳು ಉದುರಲು ಒಂದು ಸಣ್ಣ ಸುತ್ತು ಸಾಕು, ಹೆಚ್ಚು ಕಾಯಿಸಿದರೆ ರಸ್ತೆ ಟೈರು ಎಣ್ಣೆ ಹಚ್ಚಿದಂತಾಗುತ್ತದೆ. ಡ್ರ್ಯಾಗ್ ರೇಡಿಯಲ್‌ಗೆ ಎರಡನೇ ಗೇರಿನಲ್ಲಿ ಎರಡು ಮೂರು ಸೆಕೆಂಡ್, ತೆಳ್ಳನೆ ಹೊಗೆ ಕಂಡ ಕೂಡಲೇ ಬಿಡಿ. ಮುಂದಿನ ಬ್ರೇಕು ಮಾತ್ರ ಹಿಡಿದಿಡುವ ಲೈನ್ ಲಾಕ್ ಇಲ್ಲದೆ ಮ್ಯಾನುಯಲ್ ಕಾರಿನಲ್ಲಿ ನಿಂತಲ್ಲೇ ಬರ್ನೌಟ್ ಮಾಡಬೇಕಾದರೆ ಮೂರು ಕಾಲು ಬೇಕು: ಕ್ಲಚ್ಚಿಗೊಂದು, ಬ್ರೇಕಿಗೊಂದು, ಆಕ್ಸಿಲರೇಟರಿಗೊಂದು.

ಹೊರಡುವಾಗ ಕಾರಿನ ಹಿಂಭಾಗ ಧಡಧಡ ಕುಣಿದರೆ ಅದು ವೀಲ್ ಹಾಪ್. ಟೈರು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಆಕ್ಸಲ್ ಮೇಲೆ ಸುತ್ತಿಗೆ ಹೊಡೆದ ಹಾಗೆ. ಆಗ ಓಟದ ಆಸೆ ಬಿಟ್ಟು ತಕ್ಷಣ ಕಾಲೆತ್ತಿ. ಚಕ್ರ ತಿರುಗಿಸುವ ಹಾಫ್ ಶಾಫ್ಟು, ಡಿಫರೆನ್ಷಿಯಲ್ ಮುರಿಯುವುದು ಇಲ್ಲೇ. ಬಹುಪಾಲು ಸಲ ಕಾರಣ ಹಿಂಚಕ್ರಗಳನ್ನು ಹಿಡಿದಿಡುವ ಸಬ್‌ಫ್ರೇಮ್ ಮತ್ತು ಕಂಟ್ರೋಲ್ ಆರ್ಮಿನ ಮೆತ್ತಗಿನ ರಬ್ಬರ್ ಬುಷ್‌ಗಳು. ಗಟ್ಟಿ ಬುಷ್ ಹಾಕಿಸುವವರೆಗೆ ಕಡಿಮೆ ಆರ್‌ಪಿಎಂನಲ್ಲಿ ಹೊರಡುವುದೇ ಮದ್ದು.

ಇನ್ನು ಗೇರು. ಮೇಲೆ ಹೇಳಿದ ಕಾರಿನಲ್ಲಿ 6,500ಕ್ಕೆ ಬದಲಿಸಿದರೆ ಮೊದಲ ಗೇರು 89 ಕಿಲೋಮೀಟರಿಗೆ, ಎರಡನೆಯದು 133ಕ್ಕೆ ಮುಗಿಯುತ್ತದೆ. ದುಬಾರಿ-ಅಗ್ಗದ ಲೆಕ್ಕ ನೆನಪಿಸಿಕೊಳ್ಳಿ: ಒಂದರಿಂದ ಎರಡಕ್ಕೆ ಹೋಗುವ ಶಿಫ್ಟಿನಲ್ಲಿ ಉಳಿಸಿದ 0.2, ಎರಡರಿಂದ ಮೂರರಲ್ಲಿ ಉಳಿಸಿದ್ದರ ಎರಡು ಪಟ್ಟು ಬೆಲೆ ಬಾಳುತ್ತದೆ. ಆದರೆ ಒಂದರಿಂದ ಎರಡು ನೇರ ಕೆಳಗೆ, ಸುಲಭ. ಜನ ಎಡವುವುದು ಎರಡರಿಂದ ಮೂರಕ್ಕೆ. ಲಿವರನ್ನು ಮುಷ್ಟಿಯಲ್ಲಿ ಹಿಡಿದು ಎಳೆದಾಡುವುದೇ ಕಾರಣ. ಅಂಗೈ ಬಿಚ್ಚಿ ಗುಬುಟಿಗೆ ಒತ್ತಿ ಮೇಲಕ್ಕೆ ತಳ್ಳಿ, ನಡುವಿಗೆ ತರುವ ಕೆಲಸವನ್ನು ಗೇರ್‌ಬಾಕ್ಸಿನ ಸ್ಪ್ರಿಂಗೇ ಮಾಡುತ್ತದೆ. ಬಲಗಡೆ ಸ್ಟೇರಿಂಗ್ ಇರುವ ಕಾರಿನಲ್ಲಿ ಲಿವರನ್ನು ತನ್ನತ್ತ ಎಳೆದುಕೊಂಡರೆ ಮೂರರ ಬದಲು ಐದು ಬೀಳುತ್ತದೆ. ಓಟ ಹಾಳು, ಕಾರು ಕ್ಷೇಮ.

ಮೂರರಿಂದ ನಾಲ್ಕಕ್ಕೆ ಎಳೆಯುವಾಗ ಲಿವರ್ ಎಡಕ್ಕೆ ವಾಲಿದರೆ ಮಾತ್ರ ಕ್ಷೇಮವಲ್ಲ, ಎರಡಕ್ಕೆ ಬೀಳುತ್ತದೆ. 6,500ರಲ್ಲಿದ್ದ ಎಂಜಿನ್ 8,900ಕ್ಕೆ ಹೋಗಲೇಬೇಕು, ಚಕ್ರಗಳೇ ಅದನ್ನು ತಿರುಗಿಸುತ್ತವೆ. ಎಂಜಿನ್ನಿನ ಸುತ್ತು ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಇಂಧನ ನಿಲ್ಲಿಸಬಲ್ಲದೇ ಹೊರತು ಚಕ್ರ ನಿಲ್ಲಿಸಲಾರದು. ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ, ಎಂಜಿನ್ ಮುಗಿಯಿತು. ಇದಕ್ಕೆ ಮನಿ ಶಿಫ್ಟ್ ಅಂತ ಹೆಸರು, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಕ್ಸಿಲರೇಟರ್ ಬಿಡದೆಯೇ ಕ್ಲಚ್ ಒತ್ತಿ ಗೇರು ಬದಲಿಸುವ ಪವರ್ ಶಿಫ್ಟ್ ಬೇಗನೆಯದು, ನಿಜ. ಆದರೆ ಗೇರ್‌ಬಾಕ್ಸಿನೊಳಗಿನ ಸಿಂಕ್ರೊ ಉಂಗುರಗಳು ತೇಯುವುದೂ, ಶಿಫ್ಟ್ ಫೋರ್ಕ್ ಬಾಗುವುದೂ ಅದರಿಂದಲೇ. ಕಾರಿನಲ್ಲೇ ಆ ಸೌಲಭ್ಯವನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೊಟ್ಟಿದ್ದರೆ ಬಳಸಿ. ಇಲ್ಲದಿದ್ದರೆ ಬಲಗಾಲನ್ನು ಒಂದು ಮಿಡಿತದಷ್ಟು ಎತ್ತುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮೇಲಿನ ಲೆಕ್ಕದಂತೆ ನಷ್ಟ ಬಹಳ ಸಣ್ಣದು.

ಹೆಚ್ಚು ಆರ್‌ಪಿಎಂನಲ್ಲಿ ಮಾತ್ರ ಗೇರು ಬೀಳುತ್ತಿಲ್ಲ, ಅಥವಾ ಪೆಡಲ್ ನೆಲಕ್ಕೇ ಅಂಟಿಕೊಳ್ಳುತ್ತದೆ ಅನ್ನುವ ದೂರಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಕ್ಲಚ್ಚಿನ ಹೈಡ್ರಾಲಿಕ್ ಎಣ್ಣೆ ನೋಡಿ. ಕಪ್ಪಾಗಿದ್ದರೆ ತೆಗೆದು ಕಂಪನಿ ಹೇಳಿದ ದರ್ಜೆಯ ಹೊಸ ಎಣ್ಣೆ ತುಂಬಿ, ಗಾಳಿಗುಳ್ಳೆ ಪೂರ್ತಿ ಹೊರತೆಗೆಸಿ. ಕೆಲವು ಕಾರುಗಳಲ್ಲಿ ಆ ನಾಳದೊಳಗೆ ಕ್ಲಚ್ ನಿಧಾನವಾಗಿ ಹಿಡಿಯಲಿ ಅಂತ ಸಣ್ಣ ತೂತಿನ ತಡೆ ಇಟ್ಟಿರುತ್ತಾರೆ. ನೀವು ಪೆಡಲ್ ಬಿಟ್ಟರೂ ಅದು ತನ್ನ ಪಾಡಿಗೆ ತಡವಾಗಿ ಬಿಡುತ್ತದೆ, ಪ್ರತಿ ಶಿಫ್ಟಿನಲ್ಲೂ ಕ್ಲಚ್ ಜಾರಿ ಬಿಸಿಯಾಗುತ್ತದೆ.

ನಮ್ಮ ಉದಾಹರಣೆಯ ಕಾರು ಗೆರೆ ದಾಟುವುದು 181ರಲ್ಲಿ. ಮೂರನೇ ಗೇರು 6,500ಕ್ಕೆ ಮುಗಿಯುವುದು 182ರಲ್ಲಿ. ಸ್ವಲ್ಪ ಸುಧಾರಿಸಿದರೂ ಗೆರೆಯ ಹತ್ತಿರ ನಾಲ್ಕಕ್ಕೆ ಹೋಗಬೇಕಾಗುತ್ತದೆ. ಒಟ್ಟು ಸಮಯಕ್ಕೆ ಅದರಿಂದ ಹೆಚ್ಚು ನಷ್ಟವಿಲ್ಲ. ತೊಂದರೆ ಬೇರೆ. ಕೊನೆಯ 66 ಅಡಿ ದಾಟಲು ಬೇಕಾಗುವುದು 0.4 ಸೆಕೆಂಡ್, ಒಂದು ಶಿಫ್ಟಿನಷ್ಟೇ ಹೊತ್ತು. ಅಲ್ಲೇ ಗೇರು ಬದಲಿಸಿದರೆ ಟ್ರ್ಯಾಪ್ ವೇಗ ಕಡಿಮೆ ಬರುತ್ತದೆ, ಎಂಜಿನ್ ಸೊರಗಿದೆ ಅಂತ ನೀವು ಸುಳ್ಳು ಲೆಕ್ಕ ಹಾಕುತ್ತೀರಿ. ಹಿಂದಿನ ಟೈರು 27 ಅಂಗುಲದ್ದಾದರೆ ಮೂರನೇ ಗೇರು 189ರವರೆಗೆ ಎಳೆಯುತ್ತದೆ, ಸಮಸ್ಯೆ ತೀರಿತು. ಹೊರಡುವಾಗಿನ ಎಳೆತ ಕೊಂಚ ಕುಗ್ಗುತ್ತದೆ, ಹಿಡಿತ ಸಾಲದೆ ಒದ್ದಾಡುವ ಕಾರಿಗೆ ಅದೂ ಒಳ್ಳೆಯದೇ.

ಗಾಳಿ, ಬಿಸಿ, ತೂಕ ಬೇಗ ಮುಗಿಸುತ್ತೇನೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇ. 3 ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಲು ಮತ್ತು ತೇವವೂ ಅದೇ ಕೆಲಸ ಮಾಡುತ್ತವೆ. ಹಾಗಾಗಿ ಮಧ್ಯಾಹ್ನದ ಓಟವನ್ನು ರಾತ್ರಿಯದರ ಜೊತೆ ಹೋಲಿಸಬೇಡಿ. ಸಾಲಿನಲ್ಲಿ ಕಾಯುವಾಗ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಕಾರನ್ನು ಕೈಯಲ್ಲೇ ತಳ್ಳಿ. ಒಳಗೆಳೆವ ಗಾಳಿ ಕಾದಿದ್ದರೆ ಇಸಿಯು ಇಗ್ನಿಷನ್ ಟೈಮಿಂಗ್ ಹಿಂದೆಳೆದು ಶಕ್ತಿ ಕಡಿತ ಮಾಡುತ್ತದೆ. 45 ಕಿಲೋ ಇಳಿಸಿದರೆ ಸುಮಾರು 0.1 ಸೆಕೆಂಡ್ ಲಾಭ. ಸ್ಟೆಪ್ನಿ, ಜಾಕು, ಡಿಕ್ಕಿಯ ಸಾಮಾನು ಮೊದಲು ಹೋಗಲಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಬೇಡ: ಕಾರು ನುಗ್ಗಿದಾಗ ಇಂಧನ ಹಿಂದಕ್ಕೆ ಸರಿದು ಪಂಪ್ ಗಾಳಿ ಹೀರಿದರೆ ಎಂಜಿನ್ ಕೆಮ್ಮುತ್ತದೆ.

ಸುರಕ್ಷತೆಗೆ ಅಮೆರಿಕದ ಡ್ರ್ಯಾಗ್ ಓಟದ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮಗಳನ್ನು ಮಾದರಿಯಾಗಿ ಹೇಳಬಹುದು. 13.99 ಅಥವಾ ಅದಕ್ಕಿಂತ ಬೇಗ ಓಡುವವರಿಗೆ ಹೆಲ್ಮೆಟ್ ಕಡ್ಡಾಯ. ಅಷ್ಟು ಬೇಗ ಓಡುವ ಕಾರಿಗೆ ಸ್ಲಿಕ್ (ಟ್ರೆಡ್ ಇಲ್ಲದ ನುಣುಪು) ಟೈರೂ ಇದ್ದರೆ, ಗೇರ್‌ಬಾಕ್ಸಿನಿಂದ ಹಿಂಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಕಬ್ಬಿಣದ ಬಳೆ ಬೇಕು, ಶಾಫ್ಟ್ ಮುರಿದರೆ ನೆಲಕ್ಕೆ ಊರಿ ಕಾರು ಮಗುಚದಿರಲಿ ಅಂತ. 11.49ಕ್ಕೆ ಇಳಿದ ಮೇಲೆ ಪ್ರಮಾಣಿತ ಕ್ಲಚ್ ಮತ್ತು ಫ್ಲೈವೀಲ್ ಕೇಳುತ್ತಾರೆ. ಅದು ನಿಮ್ಮ ಪಾದದಿಂದ ಒಂದಡಿ ದೂರದಲ್ಲಿ ಸುತ್ತುತ್ತಿರುವ ವಸ್ತು, ಸಿಡಿದರೆ ಮಧ್ಯೆ ಇರುವುದು ತಗಡು ಮಾತ್ರ.

ಸಭೆಯಿಂದ ಒಬ್ಬರು ಚೀಟಿ ಕಳಿಸಿದ್ದಾರೆ: "ಒಳ್ಳೆಯ ಟೈರು ಹಾಕಿದ ಮೇಲೆ ಮೊದಲು ಏನು ಕೈಕೊಡುತ್ತದೆ?" ಒಳ್ಳೆಯ ಪ್ರಶ್ನೆ. ಮೂವರು ಹೊರೆ ನುಂಗುತ್ತಿದ್ದರಲ್ಲ, ಅವರಲ್ಲಿ ಟೈರು ಇನ್ನು ನುಂಗುವುದಿಲ್ಲ ಅಂತ ಕೈಚೆಲ್ಲಿದರೆ ಆ ಪಾಲು ಕ್ಲಚ್ಚಿಗೂ ಆಕ್ಸಲ್ಲಿಗೂ ಬರುತ್ತದೆ. ಆಕ್ಸಲ್ ಮುರಿದರೆ ಸದ್ದು ಮಾಡಿ ಹೇಳುತ್ತದೆ. ಕ್ಲಚ್ ಸದ್ದಿಲ್ಲದೆ ಸೋಲುತ್ತದೆ. ಮೂರನೇ ಗೇರಿಗೆ ಬಿದ್ದ ಕ್ಷಣ ಮುಳ್ಳು 4,750ರ ಹತ್ತಿರ ಬಂದು ನಿಲ್ಲಬೇಕು. 5,500ರಲ್ಲೇ ತೇಲುತ್ತಾ ಇದ್ದು ಆಮೇಲೆ ನಿಧಾನವಾಗಿ ಇಳಿದರೆ ಕ್ಲಚ್ ಜಾರುತ್ತಿದೆ. ಟೈಮ್ ಸ್ಲಿಪ್ಪಿನಲ್ಲಿ 60 ಅಡಿ ಚೆನ್ನಾಗಿಯೇ ಇರುತ್ತದೆ, ಟ್ರ್ಯಾಪ್ ವೇಗ ಮಾತ್ರ ಹಿಂದಿನ ಓಟಕ್ಕಿಂತ ಬಿದ್ದಿರುತ್ತದೆ. ಹಾಗೆ ಕಂಡರೆ ಇನ್ನೊಂದು ಓಟಕ್ಕೆ ಸಾಲಿನಲ್ಲಿ ನಿಲ್ಲಬೇಡಿ. ಬಿಸಿ ಆರಲಿ, ಟೈರಿಗೆ ಗಾಳಿ ತುಂಬಿ, ಕ್ಲಚ್ಚಿಗೆ ಒತ್ತಡ ಬೀಳದ ಹಾಗೆ ಮೆಲ್ಲಗೆ ಮನೆ ಸೇರಿಕೊಳ್ಳಿ.